ಹನ್ನೆರಡು ಡಾಲರಿನ ಶಾಲೆ



ಕಳೆದ ತಿಂಗಳು ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಅರ್ಜಿ ಬಂತು. ಅರ್ಜಿದಾರರು ಏಳು ಮಂದಿ. ಎಲ್ಲರೂ ಒಂಬತ್ತು, ಹತ್ತನೆಯ ತರಗತಿಗಳಲ್ಲಿ ಓದುತ್ತಿರುವ, ನಮ್ಮ ಸದಸ್ಯರದೇ ಮಕ್ಕಳು ಮತ್ತು ಮೊಮ್ಮಕ್ಕಳು. ಇಂಗ್ಲಿಷ್ ಮಾಧ್ಯಮದ ಮಕ್ಕಳಾದರೂ ಅರ್ಜಿಯನ್ನು ಕನ್ನಡದಲ್ಲಿ ಬರೆದಿದ್ದರು. ಒತ್ತಕ್ಷರಗಳು ಅಲ್ಲಲ್ಲಿ ತಪ್ಪಿದ್ದವು, ಅಭಿಪ್ರಾಯ ಮಾತ್ರ ಎಲ್ಲಿಯೂ ತಪ್ಪಿರಲಿಲ್ಲ. ರಾಜ್ಯೋತ್ಸವ ಕಳೆದ ಮರುವಾರ ಸಂಘದ ಸಭಾಗೃಹವನ್ನು ತಮಗೆ ಬಾಡಿಗೆಯಿಲ್ಲದೆ ಕೊಡಬೇಕು. ತಾವೊಂದು ನಾಟಕ ಆಡುತ್ತೇವೆ, ಟಿಕೇಟು ಮಾರುತ್ತೇವೆ. ಬಂದ ಹಣದಿಂದ ನೇಪಾಳದ ಗೋರ್ಖಾ ಜಿಲ್ಲೆಯ ಒಂದು ಹಳ್ಳಿಯ ಶಾಲೆಗೆ ಎರಡು ಕೋಣೆ ಕಟ್ಟಿಸಲು ನೆರವಾಗಬೇಕೆಂದಿದ್ದೇವೆ. ಇದು ಅರ್ಜಿಯ ಸಾರಾಂಶ.

ವಾರ್ಷಿಕ ಲೆಕ್ಕಪತ್ರದ ಮೇಲೂ ನಮ್ಮಲ್ಲಿ ಇಷ್ಟು ಚರ್ಚೆ ನಡೆದದ್ದನ್ನು ನಾನು ಕಂಡಿಲ್ಲ. ಊರಿನಲ್ಲಿ ನಾವು ಕಲಿತ ಶಾಲೆಗಳ ಹೆಂಚು ಹಾರಿಹೋಗಿದೆ, ಈ ನಗರದಲ್ಲಿ ಕನ್ನಡ ಶಾಲೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ, ಹೀಗಿರುವಾಗ ನೇಪಾಳವೇ ಬೇಕಾಯಿತೇ ಎಂದು ಒಬ್ಬ ಹಿರಿಯರು ಕೇಳಿದರು. ಮಕ್ಕಳು ಪರೀಕ್ಷೆಯ ವರ್ಷದಲ್ಲಿ ಓದಬೇಕೇ ವಿನಾ ಚಂದಾ ಎತ್ತಬಾರದು ಎಂದರು ಇನ್ನೊಬ್ಬರು. ಸಂಘದ ಖಾತೆಯಿಂದ ಹೊರದೇಶಕ್ಕೆ ಹಣ ಕಳುಹಿಸುವುದು ಕಾನೂನಿನಲ್ಲಿ ಅಷ್ಟು ಸುಲಭವಲ್ಲ, ನಾಳೆ ಚಾರಿಟಿ ಕಮಿಷನರಿಗೆ ಉತ್ತರ ಕೊಡಬೇಕಾದವನು ನಾನು ಎಂದು ಕೋಶಾಧಿಕಾರಿಗಳು ನೆನಪಿಸಿದರು. ಈ ಮೂರೂ ಆಕ್ಷೇಪಗಳು ಹಗುರವಾದವಲ್ಲ. ತೀರ್ಮಾನವನ್ನು ಮುಂದಿನ ಸಭೆಗೆ ಬಿಡಲಾಯಿತು.

ನೇಪಾಳವೇ ಏಕೆಂದು ನಾನು ಆ ಮಕ್ಕಳನ್ನು ಬೇರೆಯಾಗಿ ಕೂರಿಸಿ ಕೇಳಿದೆ. ಅವರಲ್ಲಿ ನಾಲ್ವರು ಇರುವ ಕಟ್ಟಡದ ಕಾವಲುಗಾರನ ಮಗ ಅವರದೇ ವಯಸ್ಸಿನ ಹುಡುಗ. ಸಂಜೆ ಅವರೊಡನೆ ಕ್ರಿಕೆಟ್ ಆಡುತ್ತಾನೆ. ಅವನ ಹಳ್ಳಿಯ ಶಾಲೆಯಲ್ಲಿ ಐದನೆಯ ತರಗತಿಯ ತನಕ ಮಾತ್ರ ಕೋಣೆಗಳಿವೆ. ಮುಂದೆ ಓದಬೇಕಾದರೆ ಒಂದು ಬೆಟ್ಟ ಇಳಿದು ಇನ್ನೊಂದನ್ನು ಹತ್ತಬೇಕು. ಇವನು ಅಪ್ಪನೊಡನೆ ಇಲ್ಲಿಗೆ ಬಂದ, ತಂಗಿ ಅಲ್ಲಿಯೇ ಉಳಿದಳು, ಶಾಲೆಯೂ ಅಲ್ಲಿಗೇ ನಿಂತಿತು. "ಅಂಕಲ್, ಗೋರ್ಖಾ ಅಂದರೆ ವಾಚ್‌ಮನ್ ಅಂತಲೇ ನಾವು ತಿಳಿದಿದ್ದೆವು. ಅದು ಒಂದು ಊರಿನ ಹೆಸರು ಅಂತ ಅವನೇ ಹೇಳಿದ್ದು" ಎಂದಳು ಒಬ್ಬ ಹುಡುಗಿ. ನನಗೆ ತಟ್ಟನೆ ನಮ್ಮದೇ ನೆನಪಾಯಿತು. ಈ ಮುಂಬಯಿಯಲ್ಲಿ ಎಷ್ಟೋ ಜನರಿಗೆ ಉಡುಪಿ ಎಂದರೆ ಇಂದಿಗೂ ಒಂದು ಹೋಟೆಲು. ಅದು ರಥಬೀದಿಯಿರುವ, ಶಾಲೆ ಕಾಲೇಜುಗಳಿರುವ ಒಂದು ಊರು ಎಂದು ಎಷ್ಟು ಜನಕ್ಕೆ ನಾವೇ ಹೇಳಬೇಕಾಗಿ ಬಂದಿಲ್ಲ!

ಹದಿಹರೆಯದವರು ಬಡದೇಶವೊಂದರಲ್ಲಿ ಶಾಲೆ ಕಟ್ಟಿಸಲು ಹಣ ಕೂಡಿಸುವುದು ಹೊಸ ಸಂಗತಿಯೇನೂ ಅಲ್ಲ. ಅದಕ್ಕೊಂದು ಚರಿತ್ರೆಯಿದೆ. ಅದರಲ್ಲಿ ಬೆಳಕೂ ಇದೆ, ಸಾಕಷ್ಟು ಕತ್ತಲೆಯೂ ಇದೆ. ನಮ್ಮ ಮಕ್ಕಳ ಅರ್ಜಿಗೆ ಹೌದು ಅಥವಾ ಇಲ್ಲ ಎನ್ನುವ ಮೊದಲು ಆ ಚರಿತ್ರೆಯನ್ನು ಒಮ್ಮೆ ನೋಡುವುದು ಲೇಸೆಂದು ನನಗೆ ತೋರುತ್ತದೆ.

ಮೂರು ದಶಕಗಳ ಹಿಂದಿನ ಮಾತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ಬಾಸ್ಟನ್ ನಗರದ ದಕ್ಷಿಣಕ್ಕೆ ಕ್ವಿನ್ಸಿ ಎಂಬ ಊರಿದೆ. ಅಲ್ಲಿಯ ಬ್ರಾಡ್ ಮೆಡೋಸ್ ಎಂಬ ಶಾಲೆಗೆ 1994ರ ಡಿಸೆಂಬರಿನಲ್ಲಿ ಪಾಕಿಸ್ತಾನದಿಂದ ಒಬ್ಬ ಹುಡುಗ ಬಂದ. ಹೆಸರು ಇಕ್ಬಾಲ್ ಮಸೀಹ್, ವಯಸ್ಸು ಹನ್ನೆರಡು. ಎದುರು ಕುಳಿತ ಏಳನೆಯ ತರಗತಿಯ ಮಕ್ಕಳ ವಯಸ್ಸೂ ಹೆಚ್ಚುಕಡಮೆ ಅಷ್ಟೇ. ಆದರೆ ಆತನ ಎತ್ತರ ನಾಲ್ಕು ಅಡಿಗೂ ಕಡಿಮೆ. ಆರೇಳು ವರ್ಷದ ಮಗುವಿನಂತೆ ಕಾಣುತ್ತಿದ್ದ. ಮಕ್ಕಳ ಹಕ್ಕುಗಳಿಗಾಗಿ ಮಾಡಿದ ಕೆಲಸಕ್ಕೆ ರೀಬಾಕ್ ಸಂಸ್ಥೆಯ ಮಾನವ ಹಕ್ಕುಗಳ ಪ್ರಶಸ್ತಿಯನ್ನು ಸ್ವೀಕರಿಸಲು ಆತ ಬಾಸ್ಟನ್ನಿಗೆ ಬಂದಿದ್ದ.

ಇಕ್ಬಾಲ್ ಲಾಹೋರಿನ ಸಮೀಪದ ಮುರೀದ್ಕೆಯ ಬಡ ಕ್ರೈಸ್ತ ಕುಟುಂಬದವನು. ಮನೆಯ ಒಂದು ಮದುವೆಯ ಖರ್ಚಿಗೆ ಹಿರಿಯರು ರತ್ನಗಂಬಳಿ ನೇಯಿಸುವ ಮಾಲೀಕನಿಂದ 600 ರೂಪಾಯಿ ಸಾಲ ತೆಗೆದರು. ಒತ್ತೆಯಾಗಿ ನಾಲ್ಕು ವರ್ಷದ ಮಗುವನ್ನು ಮಗ್ಗದ ಮುಂದೆ ಕೂರಿಸಿದರು. ಈ ಮುಂಗಡಕ್ಕೆ ಆ ಸೀಮೆಯಲ್ಲಿ ಪೇಶ್ಗಿ ಎಂದು ಹೆಸರು. ಪೇಶ್ಗಿ ತೀರುವ ಸಾಲವಲ್ಲ. ತಿಂದ ರೊಟ್ಟಿಯ ಲೆಕ್ಕ, ನೇಯ್ಗೆ ತಪ್ಪಿದರೆ ದಂಡ, ಮನೆಯವರು ಮತ್ತೆ ಮತ್ತೆ ತೆಗೆದ ಕೈಸಾಲ, ಎಲ್ಲವೂ ಅದಕ್ಕೆ ಕೂಡುತ್ತ ಹೋಗುತ್ತದೆ. ಮಗು ದುಡಿದಷ್ಟೂ ಸಾಲ ಬೆಳೆಯುತ್ತದೆ. ಎಳೆಯ ಬೆರಳುಗಳು ಗಂಟನ್ನು ಸೂಕ್ಷ್ಮವಾಗಿ ಹಾಕುತ್ತವೆ ಎನ್ನುವುದು ಆ ಉದ್ಯಮದವರು ಹೇಳುತ್ತ ಬಂದ ಕಾರಣ. ಎಳೆಯ ಬಾಯಿ ಕೂಲಿ ಕೇಳುವುದಿಲ್ಲ ಎನ್ನುವುದು ನಿಜವಾದ ಕಾರಣ. ದಿನಕ್ಕೆ ಹನ್ನೆರಡು ಗಂಟೆಗೂ ಮೀರಿ ಕುಕ್ಕುರುಗಾಲಿನಲ್ಲಿ ಕುಳಿತು, ಹೊಟ್ಟೆಗೆ ಸಾಲದೆ, ನೂಲಿನ ಧೂಳು ಕುಡಿದು ಬೆಳೆದ ದೇಹ ಬೆಳೆಯುವುದನ್ನೇ ಮರೆತಿತ್ತು.

ಪಾಕಿಸ್ತಾನದ ಸಂಸತ್ತು ಜೀತಪದ್ಧತಿಯನ್ನು ರದ್ದುಪಡಿಸುವ ಕಾನೂನನ್ನು ಮಾಡಿದ್ದು 1992ರಲ್ಲಿ. ಆ ವರ್ಷ ಜೀತವಿಮುಕ್ತಿ ರಂಗದವರು ಏರ್ಪಡಿಸಿದ ಸಭೆಯೊಂದಕ್ಕೆ ಇಕ್ಬಾಲ್ ತಪ್ಪಿಸಿಕೊಂಡು ಹೋದ. ತನ್ನ ಸಾಲಕ್ಕೆ ಇನ್ನು ಕಾನೂನಿನ ಬಲವಿಲ್ಲ ಎಂಬುದನ್ನು ಅಲ್ಲಿ ಕೇಳಿ ತಿಳಿದ. ಮತ್ತೆ ಮಗ್ಗಕ್ಕೆ ಹೋಗಲಿಲ್ಲ. ರಂಗದ ಶಾಲೆಯಲ್ಲಿ ಓದು ಕಲಿತು, ಊರೂರು ತಿರುಗಿ ಇತರ ಮಕ್ಕಳಿಗೂ ಅದೇ ಮಾತನ್ನು ಹೇಳತೊಡಗಿದ. ಬಾಸ್ಟನ್ನಿನ ಸಭೆಯಲ್ಲಿ ಆತ ಗಂಬಳಿ ನೇಯುವ ಹತ್ಯಾರನ್ನೂ ಒಂದು ಲೇಖನಿಯನ್ನೂ ಎತ್ತಿ ಹಿಡಿದು, ಮಕ್ಕಳ ಕೈಯಲ್ಲಿ ಇರಬೇಕಾದದ್ದು ಯಾವುದು ಎಂದು ತೋರಿಸಿದ. ಮುಂದೆ ವಕೀಲನಾಗಬೇಕೆಂಬುದು ಆತನ ಆಸೆ. ಬಾಸ್ಟನ್ನಿನ ಬಳಿಯ ಬ್ರಾಂಡೈಸ್ ವಿಶ್ವವಿದ್ಯಾಲಯ, ಕಾಲೇಜಿಗೆ ಬರುವ ವಯಸ್ಸಾದಾಗ ಆತನಿಗೆ ಪೂರ್ಣ ವಿದ್ಯಾರ್ಥಿವೇತನ ಕೊಡುವುದಾಗಿ ಹೇಳಿತು.

ಆ ವಯಸ್ಸು ಆತನಿಗೆ ಬರಲಿಲ್ಲ. 1995ರ ಏಪ್ರಿಲ್ 16ರಂದು, ಈಸ್ಟರ್ ಭಾನುವಾರ, ಮುರೀದ್ಕೆಯ ಬಳಿ ಯಾರೋ ಆತನನ್ನು ಗುಂಡಿಟ್ಟು ಕೊಂದರು. ಕೊಲೆಯ ಹಿಂದೆ ಗಂಬಳಿಯ ವ್ಯಾಪಾರಿಗಳಿದ್ದರೇ, ಅದು ಬೇರಾವುದೋ ಜಗಳದ ಫಲವೇ ಎಂಬ ವಾದ ಬಹಳ ಕಾಲ ನಡೆಯಿತು. ವಾದದ ಫಲ ಏನೇ ಇರಲಿ, ಸತ್ತವನು ಹನ್ನೆರಡು ವರ್ಷದ ಹುಡುಗ.

ಸುದ್ದಿ ಕ್ವಿನ್ಸಿಗೆ ಮುಟ್ಟಿತು. ನಾಲ್ಕು ತಿಂಗಳ ಹಿಂದೆ ತಮ್ಮ ತರಗತಿಯಲ್ಲಿ ಕುಳಿತು ಮಾತನಾಡಿದ ಗೆಳೆಯ ಇನ್ನಿಲ್ಲ. ಆ ಮಕ್ಕಳಿಗೆ ಸ್ಮಾರಕದ ಕಲ್ಲು ಬೇಕಾಗಿರಲಿಲ್ಲ. ಇಕ್ಬಾಲನಿಗೆ ಬೇಕಾಗಿದ್ದದ್ದು ಶಾಲೆ, ಅವನ ದೇಶದಲ್ಲೇ ಅವನ ಹೆಸರಿನಲ್ಲಿ ಒಂದು ಶಾಲೆಯಾಗಲಿ ಎಂದು ನಿಶ್ಚಯಿಸಿದರು. ಆಗಿನ್ನೂ ಅಪರೂಪವಾಗಿದ್ದ ಇ-ಮೇಲ್ ಮೂಲಕ ದೇಶದ ಹತ್ತಾರು ಶಾಲೆಗಳ ಮಕ್ಕಳಿಗೆ ಬರೆದರು. ಕೇಳಿದ್ದು ಹನ್ನೆರಡು ಡಾಲರು. ಆತನನ್ನು ಒತ್ತೆಯಿಟ್ಟ ಸಾಲ ಸುಮಾರು ಹನ್ನೆರಡು ಡಾಲರಿನದು ಎಂದು ಅವರಿಗೆ ತಿಳಿದಿತ್ತು; ಆತ ಸತ್ತದ್ದು ಹನ್ನೆರಡನೆಯ ವಯಸ್ಸಿನಲ್ಲಿ. ಒಂದೊಂದು ತರಗತಿಯಿಂದ, ಒಂದೊಂದು ಗುಂಪಿನಿಂದ ಹನ್ನೆರಡು ಹನ್ನೆರಡಾಗಿ ಬಂದ ಹಣ ಒಂದು ಲಕ್ಷ ಡಾಲರನ್ನೂ ದಾಟಿತು. ಅಮೆರಿಕದ ಆಚೆಗಿನ ದೇಶಗಳ ಮಕ್ಕಳೂ ಕಳುಹಿಸಿದರು.

ಹಣ ಬಂದ ಮೇಲೆ ಅವರು ಮಾಡಿದ ಕೆಲಸ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಅವರು ವಿಮಾನ ಹತ್ತಿ ಇಟ್ಟಿಗೆ ಹೊರಲು ಹೋಗಲಿಲ್ಲ. ಪಾಕಿಸ್ತಾನದಲ್ಲಿಯೇ ಶಿಕ್ಷಣದ ಕೆಲಸ ಮಾಡುತ್ತಿದ್ದ ಸುಧಾರ್ ಎಂಬ ಸಂಸ್ಥೆಯ ಕೈಗೆ ಆ ಕೆಲಸವನ್ನು ಒಪ್ಪಿಸಿದರು. ಶಾಲೆ ಎದ್ದದ್ದು ಕಸೂರಿನಲ್ಲಿ. ಬುಲ್ಲೇ ಶಾಹನ ಸಮಾಧಿಯಿರುವ ಊರು. ನಮ್ಮ ಸಂಗೀತಪ್ರಿಯ ಓದುಗರಿಗೆ ಬಡೇ ಗುಲಾಂ ಅಲಿ ಖಾನರ ಹುಟ್ಟೂರೆಂದರೆ ಬೇಗ ಗುರುತು ಸಿಗುತ್ತದೆ. ಗಡಿಯ ಈಚೆಗೆ ಫಿರೋಜ್‌ಪುರ. ಚರ್ಮ ಹದ ಮಾಡುವ ಕಾರಖಾನೆಗಳೂ ಮಗ್ಗಗಳೂ ಇರುವ ಆ ಊರಿನಲ್ಲಿ, ದುಡಿಯುವ ಮಕ್ಕಳಿಗೆಂದೇ ಇಕ್ಬಾಲನ ಹೆಸರಿನ ಶಾಲೆ 1997ರ ಹೊತ್ತಿಗೆ ನಡೆಯತೊಡಗಿತು. ಸಂಗ್ರಹವಾದ ಹಣದ ಒಂದು ಪಾಲನ್ನು ಜೀತಕ್ಕೆ ಬಿದ್ದ ಮಕ್ಕಳ ತಾಯಂದಿರಿಗೆ ಸಣ್ಣ ಸಾಲವಾಗಿ ಕೊಡಲು ಇಟ್ಟರು. ಪೇಶ್ಗಿಯ ಸಾಲ ಮಕ್ಕಳನ್ನು ಒಯ್ದಿತ್ತು, ಈ ಸಾಲ ಅವರನ್ನು ಮರಳಿ ತರಬೇಕು. ಹನ್ನೆರಡು ಹದಿಮೂರು ವರ್ಷದವರ ಈ ತಿಳಿವಳಿಕೆ ಎಷ್ಟೋ ದೊಡ್ಡ ದಾನಿಗಳಿಗೆ ಇರುವುದಿಲ್ಲ. ಶಾಲೆಯ ಕಟ್ಟಡವಿಲ್ಲದೆ ಮಗು ಶಾಲೆ ತಪ್ಪುವುದು ಒಂದು ಬಗೆ. ಕಟ್ಟಡ ಎದುರಿಗೇ ಇದ್ದು, ಮನೆಯ ಸಾಲ ಕಾಲಿಗೆ ಕಟ್ಟಿ ಎಳೆಯುವುದು ಇನ್ನೊಂದು ಬಗೆ. ಎರಡನೆಯದಕ್ಕೆ ಇಟ್ಟಿಗೆ ಸಿಮೆಂಟು ಮದ್ದಲ್ಲ.

ಇಂಥದೇ ವಿವೇಕದ ಇನ್ನೊಂದು ಉದಾಹರಣೆ ನಾರ್ವೆಯದು. ಅಲ್ಲಿ 1964ರಿಂದ 'ಒಂದು ದಿನದ ದುಡಿಮೆ' ಎಂಬ ಅರ್ಥದ ಹೆಸರಿನ ವಿದ್ಯಾರ್ಥಿ ಅಭಿಯಾನ ನಡೆದುಬಂದಿದೆ. ಪ್ರೌಢಶಾಲೆಯ ಮಕ್ಕಳು ವರ್ಷಕ್ಕೊಂದು ದಿನ ಶಾಲೆಯ ಬದಲು ಕೆಲಸಕ್ಕೆ ಹೋಗುತ್ತಾರೆ. ಯಾರದೋ ತೋಟ ಗುಡಿಸುತ್ತಾರೆ, ಅಂಗಡಿಯಲ್ಲಿ ಸಾಮಾನು ಜೋಡಿಸುತ್ತಾರೆ, ಬೇಲಿಗೆ ಬಣ್ಣ ಹಚ್ಚುತ್ತಾರೆ. ಆ ದಿನದ ಕೂಲಿ ಬೇರೊಂದು ದೇಶದ ತಮ್ಮ ಓರಗೆಯವರ ಶಿಕ್ಷಣಕ್ಕೆ. ಯಾವ ದೇಶ, ಯಾವ ಯೋಜನೆ ಎಂಬುದನ್ನು ವಿದ್ಯಾರ್ಥಿಗಳ ಸಭೆಯೇ ಮತ ಹಾಕಿ ನಿರ್ಧರಿಸುತ್ತದೆ. ದುಡಿಯುವ ದಿನಕ್ಕೆ ಮೊದಲು ಆ ದೇಶದ ಚರಿತ್ರೆಯನ್ನೂ ಅಲ್ಲಿಯ ಬಡತನದ ಕಾರಣಗಳನ್ನೂ ಶಾಲೆಗಳಲ್ಲಿ ಕಲಿಯುತ್ತಾರೆ. ಅಪ್ಪನ ಜೇಬಿನಿಂದ ತಂದು ಹಾಕಿದ ನೋಟಿಗೂ ತಾನೇ ಬೆವರಿ ತಂದ ನಾಣ್ಯಕ್ಕೂ ಇರುವ ಅಂತರವನ್ನು ಆ ದೇಶದ ಮಕ್ಕಳು ಹೀಗೆ ಅರಿತರು. ಮುಂದೆ 1990ರ ದಶಕದ ಕೊನೆಗೆ ಕ್ವಿನ್ಸಿಯ ಶಾಲೆಯೂ ಈ ಪದ್ಧತಿಯನ್ನು ತನ್ನದಾಗಿಸಿಕೊಂಡಿತು.

ಇನ್ನು ಕತ್ತಲೆಯ ಭಾಗ. ಅದನ್ನು ಮುಚ್ಚಿಟ್ಟು ಬರೆದರೆ ನಮ್ಮ ಕೋಶಾಧಿಕಾರಿಗಳಿಗೆ ಅನ್ಯಾಯ ಮಾಡಿದಂತೆ.

ಅಮೆರಿಕದ ಗ್ರೆಗ್ ಮಾರ್ಟೆನ್ಸನ್ ಎಂಬ ಪರ್ವತಾರೋಹಿ ಪಾಕಿಸ್ತಾನದ ಬಾಲ್ಟಿಸ್ತಾನದಲ್ಲಿ ಕೋರ್ಫೆ ಎಂಬ ಹಳ್ಳಿಗೆ ಶಾಲೆ ಕಟ್ಟಿಸಲು ಹೊರಟಾಗ, ವಿಸ್ಕಾನ್ಸಿನ್ನಿನ ರಿವರ್ ಫಾಲ್ಸ್ ಎಂಬ ಊರಿನ ಪ್ರಾಥಮಿಕ ಶಾಲೆಯ ಮಕ್ಕಳು 62,345 ಪೆನ್ನಿಗಳನ್ನು ಕೂಡಿಸಿಕೊಟ್ಟರು. ಪೆನ್ನಿ ಎಂದರೆ ಡಾಲರಿನ ನೂರನೆಯ ಒಂದು ಪಾಲು. ನಮ್ಮ ಹಳೆಯ ಪೈಸೆಯಂತೆ. ಕೋರ್ಫೆಯಲ್ಲಿ ಶಾಲೆ ಆಯಿತು, ಬೇರೆಡೆಗಳಲ್ಲೂ ಆಯಿತು. 2006ರಲ್ಲಿ ಬಂದ ಆತನ ಪುಸ್ತಕ 'ತ್ರೀ ಕಪ್ಸ್ ಆಫ್ ಟೀ' ಲೋಕಪ್ರಸಿದ್ಧವಾಯಿತು. ಪೆನ್ನಿ ಕೂಡಿಸುವುದು ಸಾವಿರಾರು ಶಾಲೆಗಳ ಕಾರ್ಯಕ್ರಮವಾಯಿತು. ಆದರೆ 2011ರಲ್ಲಿ ಪತ್ರಕರ್ತರು ಹೋಗಿ ನೋಡಿದಾಗ, ಪುಸ್ತಕದ ಕೆಲವು ಘಟನೆಗಳು ನಡೆದಂತಿರಲಿಲ್ಲ, ಶಾಲೆಗಳೆಂದು ಹೇಳಿದ ಕೆಲವು ಕಟ್ಟಡಗಳಲ್ಲಿ ಮಕ್ಕಳಿರಲಿಲ್ಲ. ಮಾಂಟಾನಾ ರಾಜ್ಯದ ಅಟಾರ್ನಿ ಜನರಲ್ ನಡೆಸಿದ ತನಿಖೆಯ ಕೊನೆಗೆ, 2012ರಲ್ಲಿ, ಮಾರ್ಟೆನ್ಸನ್ ಹತ್ತು ಲಕ್ಷ ಡಾಲರಿನಷ್ಟು ಹಣವನ್ನು ತನ್ನದೇ ಸಂಸ್ಥೆಗೆ ಮರಳಿ ಕಟ್ಟಿಕೊಡಲು ಒಪ್ಪಬೇಕಾಯಿತು. ಅಮೆರಿಕದ ಅಧ್ಯಕ್ಷ ಒಬಾಮಾ ಕೂಡ ತಮ್ಮ ನೊಬೆಲ್ ಪುರಸ್ಕಾರದ ಹಣದಲ್ಲಿ ಒಂದು ಲಕ್ಷ ಡಾಲರನ್ನು ಆ ಸಂಸ್ಥೆಗೆ ಕೊಟ್ಟಿದ್ದರು ಎಂದ ಮೇಲೆ, ಪೆನ್ನಿ ಹಾಕಿದ ಮಕ್ಕಳನ್ನು ಅಜ್ಞಾನಿಗಳೆನ್ನುವಂತಿಲ್ಲ.

ಎರಡನೆಯ ಕಥೆ ಇಕ್ಬಾಲನಿಂದಲೇ ಹುಟ್ಟಿದ್ದು. ಆತ ಸತ್ತ ಸುದ್ದಿಯನ್ನು 1995ರ ಏಪ್ರಿಲಿನಲ್ಲಿ ಕೆನಡಾದ ಟೊರಾಂಟೊ ಬಳಿಯ ಕ್ರೇಗ್ ಕೀಲ್‌ಬರ್ಗರ್ ಎಂಬ ಹನ್ನೆರಡು ವರ್ಷದ ಹುಡುಗ ಪತ್ರಿಕೆಯಲ್ಲಿ ಓದಿ, ಗೆಳೆಯರನ್ನು ಸೇರಿಸಿ 'ಫ್ರೀ ದ ಚಿಲ್ಡ್ರನ್' ಎಂಬ ಸಂಘ ಕಟ್ಟಿದ. ಅದು ಬೆಳೆದು 'ವೀ ಚಾರಿಟಿ' ಎಂಬ ಭಾರೀ ಸಂಸ್ಥೆಯಾಯಿತು. ಕೆನಡಾದ ಎಷ್ಟೋ ಶಾಲೆಗಳ ಹದಿಹರೆಯದವರು ಕೀನ್ಯಾದಲ್ಲಿ, ಇತರ ದೇಶಗಳಲ್ಲಿ ಶಾಲೆ ಕಟ್ಟಲೆಂದು ತಿಂಡಿ ಮಾರಿ, ಕಾರು ತೊಳೆದು ಹಣ ಕೊಟ್ಟರು. 2020ರಲ್ಲಿ ಸರಕಾರದ ಒಂದು ಗುತ್ತಿಗೆಯ ವಿಷಯವಾಗಿ ವಿವಾದವೆದ್ದಾಗ ಆ ಸಂಸ್ಥೆ ಕೆನಡಾದಲ್ಲಿ ತನ್ನ ಕಾರ್ಯವನ್ನು ನಿಲ್ಲಿಸುವುದಾಗಿ ಸಾರಿತು. ಒಂದೇ ಶಾಲೆಗೆ ಬೇರೆ ಬೇರೆ ದಾನಿಗಳ ಹೆಸರು ತೋರಿಸಲಾಯಿತೆಂಬ ಆಪಾದನೆ ಅನಂತರ ಕೇಳಿಬಂತು. ಸಂಸ್ಥೆ ಅದನ್ನು ಅಲ್ಲಗಳೆದಿದೆ. ಸರಿತಪ್ಪಿನ ನಿರ್ಣಯ ನನ್ನದಲ್ಲ. ಆದರೆ ದೂರದ ಊರಿನ ಶಾಲೆಯ ಗೋಡೆಯ ಮೇಲೆ ಯಾರ ಹೆಸರಿದೆ ಎಂಬುದು ಜಗಳದ ವಸ್ತುವಾದ ದಿನ, ಗೋಡೆಯ ಒಳಗೆ ಕುಳಿತ ಮಗು ಎಲ್ಲರ ಕಣ್ಣಿನಿಂದ ಮರೆಯಾಯಿತು ಎಂದು ಮಾತ್ರ ಹೇಳಬಲ್ಲೆ.

ಈ ನಾಲ್ಕು ಉದಾಹರಣೆಗಳನ್ನು ಎದುರಿಗಿಟ್ಟುಕೊಂಡಾಗ ನನಗೆ ಕಾಣುವುದು ಇಷ್ಟು. ಮಕ್ಕಳ ಔದಾರ್ಯ ಎಲ್ಲಿಯೂ ಸುಳ್ಳಾಗಿರಲಿಲ್ಲ. ಎಲ್ಲಿ ಆ ಔದಾರ್ಯ ಒಂದು ಮುಖವನ್ನು ಕಂಡು ಹುಟ್ಟಿತೋ, ಸ್ವಂತ ಶ್ರಮದಿಂದ ಬಂತೋ, ಅಲ್ಲಿಯವರ ಕೈಗೇ ಕೆಲಸವನ್ನು ಬಿಟ್ಟಿತೋ, ಮತ್ತು ಶಾಲೆ ಇಲ್ಲದೆ ಹೋದದ್ದಾದರೂ ಏಕೆ ಎಂದು ಕೇಳಿತೋ, ಅಲ್ಲಿ ಅದು ಫಲಿಸಿತು. ಎಲ್ಲಿ ಅದನ್ನು ದೊಡ್ಡವರ ಕೀರ್ತಿಯ ಬಂಡಿಗೆ ಹೂಡಲಾಯಿತೋ, ಎಲ್ಲಿ ಹಣ ಕೊಟ್ಟ ಮಕ್ಕಳಿಗೆ ಕೇಳುವ ಹಕ್ಕನ್ನು ಮಾತ್ರ ಕೊಡಲಿಲ್ಲವೋ, ಅಲ್ಲಿ ಅದು ಕೆಟ್ಟಿತು. ಮಕ್ಕಳಿಗೆ ದಾನವನ್ನು ಕಲಿಸುವುದು ಸುಲಭ. ದಾನದ ಜೊತೆಗೆ ಪ್ರಶ್ನೆಯನ್ನೂ ಕಲಿಸುವುದು ನಮ್ಮಂಥ ಹಿರಿಯರಿಗೆ ಕಷ್ಟ, ಏಕೆಂದರೆ ಆ ಪ್ರಶ್ನೆ ತಿರುಗಿ ನಮ್ಮನ್ನೂ ಮುಟ್ಟುತ್ತದೆ. ಪಾಕಿಸ್ತಾನದ ಗಂಬಳಿಯ ಮಾತು ಆಡಿದವರು ನಮ್ಮ ಮಿರ್ಜಾಪುರ, ಭದೋಹಿಗಳ ಮಗ್ಗಗಳನ್ನು ಮರೆಯುವಂತಿಲ್ಲ. ಜೀತವನ್ನು ರದ್ದುಪಡಿಸುವ ಕಾನೂನು ನಮ್ಮಲ್ಲಿ ಬಂದದ್ದು 1976ರಲ್ಲಿ, ಪಾಕಿಸ್ತಾನಕ್ಕಿಂತ ಹದಿನಾರು ವರ್ಷ ಮೊದಲು. ಆದರೂ ಭಾರತದ ಮಗ್ಗಗಳ ಮುಂದೆ ಮಕ್ಕಳಿಲ್ಲವೆಂದು ಗುರುತುಚೀಟಿ ಅಂಟಿಸಿ ಸಾಬೀತು ಮಾಡುವ ರಗ್‌ಮಾರ್ಕ್ ಯೋಜನೆ 1994ರಲ್ಲಿ ಬೇಕಾಯಿತು. ಅದಕ್ಕಾಗಿ ಶ್ರಮಿಸಿದ ಕೈಲಾಶ್ ಸತ್ಯಾರ್ಥಿಯವರೂ, ಪಾಕಿಸ್ತಾನದ ಹದಿನೇಳು ವರ್ಷದ ಮಲಾಲಾ ಯೂಸುಫ್‌ಜಾಯ್ ಅವರೂ 2014ರ ನೊಬೆಲ್ ಶಾಂತಿ ಪುರಸ್ಕಾರವನ್ನು ಹಂಚಿಕೊಂಡರು. ಮಲಾಲಾ ಆ ಹಣದಿಂದ ತಮ್ಮ ಪೂರ್ವಜರ ಶಾಂಗ್ಲಾ ಜಿಲ್ಲೆಯಲ್ಲಿ ಹೆಣ್ಣುಮಕ್ಕಳಿಗೊಂದು ಶಾಲೆ ಕಟ್ಟಿಸಿದರು. ಅದು 2018ರಲ್ಲಿ ತೆರೆಯಿತು.

ಈಗ ಸಭೆಯಲ್ಲಿ ಎದ್ದ ಮೊದಲನೆಯ ಆಕ್ಷೇಪಕ್ಕೆ ಬರುತ್ತೇನೆ. ಮೊದಲು ನಮ್ಮವರು, ಆಮೇಲೆ ಪರರು ಎಂಬ ಮಾತು ಕೇಳಲು ನ್ಯಾಯವಾಗಿಯೇ ಇದೆ. ಆದರೆ ಹೊರನಾಡಿನಲ್ಲಿ ನೆಲೆನಿಂತ ನಾವು ಈ ಮಾತನ್ನು ಆಡುವ ಮೊದಲು ಸ್ವಲ್ಪ ತಡೆಯಬೇಕು. ಈ ನಗರದ ಮಹಾಪಾಲಿಕೆ ಮರಾಠಿಯ ಜೊತೆಗೆ ಹಿಂದಿ, ಗುಜರಾತಿ, ಉರ್ದು, ತಮಿಳು, ತೆಲುಗುಗಳಲ್ಲಿ ಶಾಲೆ ನಡೆಸಿದಂತೆ ಕನ್ನಡದಲ್ಲೂ ನಡೆಸಿತು. ಆ ಶಾಲೆಗಳ ಕರಿಹಲಗೆಗೆ, ಮಾಸ್ತರರ ಸಂಬಳಕ್ಕೆ ತೆರಿಗೆ ಕೊಟ್ಟವರಲ್ಲಿ ಕನ್ನಡಿಗರು ಎಷ್ಟು ಮಂದಿ? ಕನ್ನಡದ ಒಂದು ಅಕ್ಷರವನ್ನೂ ಅರಿಯದವರು ನಮ್ಮ ಮಕ್ಕಳ ಕನ್ನಡಕ್ಕೆ ಹಣ ತೆತ್ತರು. ಇಂದು ಆ ಶಾಲೆಗಳು ಬರಿದಾಗುತ್ತಿದ್ದರೆ, ಮಕ್ಕಳನ್ನು ಅಲ್ಲಿಂದ ಬಿಡಿಸಿಕೊಂಡವರು ನಾವೇ ಹೊರತು ನೇಪಾಳದ ಯಾವ ಹಳ್ಳಿಯೂ ಅಲ್ಲ.

ರಾತ್ರಿಶಾಲೆಗಳನ್ನೂ ನೆನೆಯಬೇಕು. 1902ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಿಂದ ಮೊದಲುಗೊಂಡು ಎಷ್ಟೋ ಸಂಘಗಳು ಈ ನಗರದಲ್ಲಿ ಕನ್ನಡದ ರಾತ್ರಿಶಾಲೆಗಳನ್ನು ನಡೆಸಿದವು. ಹಗಲು ಹೋಟೆಲಿನಲ್ಲಿ ಕಪ್ಪುಬಸಿ ತೊಳೆದ ಹುಡುಗರು ರಾತ್ರಿ ಅಲ್ಲಿ ಹೋಗಿ ಕುಳಿತರು. ನಾವು ಅದನ್ನು ಬಾಲಕಾರ್ಮಿಕ ಪದ್ಧತಿ ಎಂದು ಕರೆಯಲಿಲ್ಲ, ಬೊಂಬಾಯಿಗೆ ಹೋಗುವುದು ಎಂದು ಕರೆದೆವು. ಆದರೆ ಹತ್ತು ಹನ್ನೊಂದರ ವಯಸ್ಸಿನಲ್ಲಿ ಮನೆಯ ಸಾಲಕ್ಕಾಗಿ ಊರು ಬಿಟ್ಟ ಮಗುವಿನ ಕಣ್ಣೀರು ಮುರೀದ್ಕೆಯಲ್ಲೂ ಮುಲ್ಕಿಯಲ್ಲೂ ಒಂದೇ. ಅಂಥ ಒಬ್ಬರು ನಮ್ಮ ಸಮಿತಿಯಲ್ಲಿಯೇ ಇದ್ದಾರೆ. ಚರ್ಚೆಯುದ್ದಕ್ಕೂ ಸುಮ್ಮನಿದ್ದ ಅವರು ಕೊನೆಗೆ ಹೇಳಿದ ಮಾತನ್ನು ಯಥಾವತ್ತಾಗಿ ಬರೆಯುತ್ತೇನೆ: "ನನ್ನ ರಾತ್ರಿಶಾಲೆಯ ದೀಪದ ಬಿಲ್ಲು ಕಟ್ಟಿದವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಊರು ಯಾವುದೆಂದು ಅವರೂ ಕೇಳಲಿಲ್ಲ. ಆ ಋಣ ನನಗೆ ಕೊಟ್ಟವರಿಗೆ ತೀರಿಸುವಂಥದಲ್ಲ, ಮುಂದಿನವರಿಗೆ ತೀರಿಸುವಂಥದು."

ಹಾಗೆಂದು ಅರ್ಜಿಯನ್ನು ಕಣ್ಣುಮುಚ್ಚಿ ಒಪ್ಪಬೇಕೆಂದು ನಾನು ಹೇಳುತ್ತಿಲ್ಲ. ಗೋರ್ಖಾ ಜಿಲ್ಲೆ 2015ರ ಏಪ್ರಿಲ್ 25ರ ಭೂಕಂಪದ ಕೇಂದ್ರವಾಗಿದ್ದ ಸೀಮೆ. ಆ ದುರಂತದಲ್ಲಿ ನೇಪಾಳದಲ್ಲಿ ಸುಮಾರು ಒಂಬತ್ತು ಸಾವಿರ ಜನ ಸತ್ತರು, ಸಾವಿರಾರು ತರಗತಿ ಕೋಣೆಗಳು ಕುಸಿದವು. ಅಂದು ಶನಿವಾರ, ಅಲ್ಲಿಯ ವಾರದ ರಜೆ. ಮಕ್ಕಳು ಶಾಲೆಯಲ್ಲಿ ಇರಲಿಲ್ಲವೆಂಬ ಒಂದೇ ಕಾರಣಕ್ಕೆ ಅಸಂಖ್ಯ ಜೀವಗಳು ಉಳಿದವು. ಅಂಥ ನೆಲದಲ್ಲಿ ಕಟ್ಟುವ ಗೋಡೆ ಎಂಥದಿರಬೇಕೆಂದು ತಿಳಿದವರು ಅಲ್ಲಿಯವರು, ನಮ್ಮ ಹುಡುಗರಲ್ಲ, ನಾವೂ ಅಲ್ಲ. ಕೋಣೆ ಎದ್ದ ಮೇಲೆ ಆರನೆಯ ತರಗತಿಗೆ ಪಾಠ ಹೇಳುವವರು ಯಾರು, ಅವರಿಗೆ ಸಂಬಳ ಕೊಡುವವರು ಯಾರು? ಅಲ್ಲಿಯ ಗಾಂವ್‌ಪಾಲಿಕೆ ಮತ್ತು ಶಾಲೆಯ ವ್ಯವಸ್ಥಾಪನ ಸಮಿತಿ ಒಪ್ಪಿ ಬರೆದುಕೊಡದಿದ್ದರೆ ನಾವು ಕಟ್ಟುವುದು ಶಾಲೆಯಲ್ಲ, ದನ ಕಟ್ಟುವ ಕೊಟ್ಟಿಗೆ. ಶಾಲೆಯೆಂದರೆ ಒಬ್ಬ ಶಿಕ್ಷಕ ಮೂವತ್ತು ವರ್ಷ ಬೆಳಗಾದರೆ ಬಂದು ನಿಲ್ಲುವುದು. ಕಟ್ಟಡ ಆತ ನಿಲ್ಲುವುದಕ್ಕೆ ನೆರಳು ಮಾತ್ರ.

ಆದ್ದರಿಂದ ಮುಂದಿನ ಸಭೆಯಲ್ಲಿ ನನ್ನ ಮತ ಅರ್ಜಿಯ ಪರವಾಗಿ, ನಾಲ್ಕು ಮಾತುಗಳ ಮೇಲೆ. ಒಂದು, ಮಕ್ಕಳು ಮೊದಲು ಆ ಹಳ್ಳಿಯ ಶಾಲೆಯ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆದು, ನಿಮಗೆ ಬೇಕಾದದ್ದು ಏನು ಎಂದು ಕೇಳಬೇಕು. ಉತ್ತರ ಕೋಣೆಯಲ್ಲದೆ ಬೇರೇನಾದರೂ ಆಗಿದ್ದರೆ ಅದನ್ನೇ ಕೊಡಲು ಸಿದ್ಧರಿರಬೇಕು. ಎರಡು, ಟಿಕೇಟಿನ ಹಣದ ಜೊತೆಗೆ ಪ್ರತಿಯೊಬ್ಬನೂ ಒಂದು ದಿನವಾದರೂ ದುಡಿದು ಗಳಿಸಿದ ಹಣವನ್ನು ಸೇರಿಸಬೇಕು. ನಮ್ಮ ಗ್ರಂಥಾಲಯದ ಪುಸ್ತಕಗಳ ಧೂಳು ಕೊಡವಿ ಪಟ್ಟಿ ಮಾಡುವ ಕೆಲಸವೇ ಬೇಕಾದಷ್ಟಿದೆ, ಸಂಘ ಕೂಲಿ ಕೊಡಲಿ. ಮೂರು, ಗೋಡೆಯ ಮೇಲೆ ನಮ್ಮ ಸಂಘದ ಹೆಸರು ಬೇಡ. ನಾಲ್ಕು, ಲೆಕ್ಕವನ್ನು ಮಕ್ಕಳೇ ಬರೆದು, ಈ ಪತ್ರಿಕೆಯಲ್ಲಿ ಕನ್ನಡದಲ್ಲಿ ಪ್ರಕಟಿಸಬೇಕು. ಹಣ ಕಳುಹಿಸುವ ಕಾನೂನಿನ ದಾರಿಯನ್ನು ಕೋಶಾಧಿಕಾರಿಗಳು ವಿಚಾರಿಸುತ್ತಿದ್ದಾರೆ. ಆ ದಾರಿ ತೆರೆಯದಿದ್ದರೆ ಅದನ್ನೂ ಮಕ್ಕಳಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಪರೀಕ್ಷೆಯ ಚಿಂತೆ ಮಾಡುವ ತಾಯಿತಂದೆಯರಿಗೆ ನನ್ನದೊಂದು ಬಿನ್ನಹ: ಈ ಕೆಲಸದಲ್ಲಿ ಭೂಗೋಳವಿದೆ, ಗಣಿತವಿದೆ, ಕನ್ನಡವಿದೆ. ಇದಕ್ಕಿಂತ ಒಳ್ಳೆಯ ಪಾಠ ಯಾವ ಟ್ಯೂಶನ್ ಕ್ಲಾಸಿನಲ್ಲೂ ಸಿಗದು.

ಈ ಷರತ್ತುಗಳನ್ನು ಆ ಹುಡುಗಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ ಅವಳು ಕೇಳಿದಳು: "ಪತ್ರ ಯಾವ ಭಾಷೆಯಲ್ಲಿ ಬರೆಯೋಣ ಅಂಕಲ್? ನಮ್ಮ ಗೆಳೆಯನನ್ನೇ ಕೂರಿಸಿಕೊಂಡು ನೇಪಾಳಿಯಲ್ಲಿ ಬರೆಸಿದರೆ ಆಗದೇ?" ಅವನನ್ನು ಅರ್ಜಿಯ ಎಂಟನೆಯ ಸಹಿದಾರನಾಗಿ ಸೇರಿಸಿಕೊಳ್ಳಿ ಎಂದು ನಾನು ಹೇಳಿದೆ. ಅದು ಮೊದಲ ದಿನವೇ ನಮಗೆ ಹೊಳೆಯಬೇಕಾಗಿತ್ತು.

ಸಮಿತಿ ಒಪ್ಪಿ ನಾಟಕ ನಡೆದ ಪಕ್ಷದಲ್ಲಿ ತಾವು ಬರಬೇಕು, ಟಿಕೇಟು ಕೊಂಡೇ ಬರಬೇಕು. ಚಪ್ಪಾಳೆ ತಟ್ಟಿ ಮನೆಗೆ ಹೋದ ಮೇಲೆ ನಿಮ್ಮ ಕೆಲಸ ಮುಗಿಯಿತೆಂದು ತಿಳಿಯಬಾರದು. ಮೂರು ವರ್ಷಗಳ ನಂತರ ಈ ಮಕ್ಕಳು ಕಾಲೇಜು ಸೇರಿ ದೊಡ್ಡವರಾಗಿರುತ್ತಾರೆ. ಸಂಘದ ಮೆಟ್ಟಿಲ ಮೇಲೆ ಎಲ್ಲಿಯಾದರೂ ಸಿಕ್ಕಾಗ ಅವರನ್ನು ನಿಲ್ಲಿಸಿ ಕೇಳಿ: ಆ ಶಾಲೆ ನಡೆಯುತ್ತಿದೆಯೇ? ಅವನ ತಂಗಿ ಈಗ ಎಷ್ಟನೆಯ ತರಗತಿ?

- ಸಂಪಾದಕ